ಹೂಡಿ ಕೆರೆಯ ಮೂರನೆಯ ಗುಡ್ಡೆ

ಮಾರತ್ತಹಳ್ಳಿಯ ಪಟ್ಟಾಭಿರಾಮಯ್ಯನವರು ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಪೈಲಟುಗಳಿಗೆ ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರವನ್ನು ರಿಪೇರಿ ಮಾಡುವುದು ಅವರ ಕೆಲಸ. ಸಾವಿರದೊಂಬೈನೂರ ಎಂಬತ್ತಮೂರರಲ್ಲಿ ಅಂಥದೇ ಒಂದನ್ನು ಮನೆಯ ಹಿಂದಿನ ಕೋಣೆಯಲ್ಲಿ ಕಟ್ಟಿದರು. ಒಂದು ಕುರ್ಚಿ, ಅದರ ಮುಂದೊಂದು ಕೋಲು, ಕಣ್ಣಿಗೆ ಕನ್ನಡಿ ಕೂರಿಸಿದ ಕೊಳವೆ. ಕೋಲನ್ನು ಒತ್ತಿದರೆ ಕೊಳವೆ ಇಳಿಯುತ್ತಿತ್ತು. ಹಳಿಯ ಮೇಲಿನ ಉದ್ದನೆಯ ಹಲಗೆ ಹತ್ತಿರ ಬರುತ್ತಿತ್ತು. ಆ ಹಲಗೆಯ ಮೇಲೆ ಯಾವ ಊರಿನ ಮಾದರಿಯನ್ನು ಕೂರಿಸಬೇಕೆಂಬುದೊಂದೇ ಉಳಿದಿತ್ತು.

"ಕ್ಯಾಲೆಂಡರ್‌ನಲ್ಲಿರೋ ಹಿಮದ ಬೆಟ್ಟ ಮಾಡ್ರೀ. ಅಲ್ಲಿಗಾದ್ರೂ ಒಂದ್ಸಲ ಕರ್ಕೊಂಡು ಹೋದ ಹಾಗಾಗುತ್ತೆ" ಎಂದರು ಹೆಂಡತಿ ಅಮ್ಮಣ್ಣಿ.

ಅವರು ನಗಲಿಲ್ಲ. ಮರದ ಹೊಟ್ಟು, ಗೋಂದು, ಕಾಗದದ ಹಿಟ್ಟು ಕಲಸಿ ಹೂಡಿ ಕೆರೆಯ ಒಣಗಿದ ಅಂಗಳವನ್ನು ಮಾಡಿದರು. ಅದನ್ನು ನೋಡಿದ ಮೇಲೆ ಅಮ್ಮಣ್ಣಿ ಆ ಕೋಣೆಗೆ ಕಾಲಿಡಲಿಲ್ಲ.

ಎಂಟು ವರ್ಷಗಳ ಹಿಂದೆ ಚೈತ್ರದಲ್ಲಿ ಪಟ್ಟಾಭಿರಾಮಯ್ಯನವರ ತಮ್ಮ ಕೃಷ್ಣಸ್ವಾಮಿ ಎಂಜಿನ್ನಿಲ್ಲದ ವಿಮಾನವನ್ನು ಆ ಅಂಗಳದಲ್ಲಿ ಇಳಿಸಲು ಹೋಗಿ ತೀರಿಕೊಂಡಿದ್ದ. ಊರಿನವರು ಹೊಲಕ್ಕೆ ಹೊಡೆಯಲೆಂದು ಕೆರೆಯ ಗೋಡುಮಣ್ಣನ್ನು ಅಗೆದು ಗುಡ್ಡೆ ಹಾಕಿದ್ದರು. ಸಾಲಿನ ಮೂರನೆಯ ಗುಡ್ಡೆಗೆ ರೆಕ್ಕೆ ತಗುಲಿತ್ತು. ಅಷ್ಟು ದೊಡ್ಡ ಗುಡ್ಡೆ ಕಾಣಿಸಲಿಲ್ಲವೇ, ಆತುರದ ಹುಡುಗ ಎಂದು ಜನ ಆಡಿಕೊಂಡರು. ಪಟ್ಟಾಭಿರಾಮಯ್ಯನವರು ಸುಮ್ಮನಿದ್ದರು. ಅದಕ್ಕೂ ತಿಂಗಳ ಮೊದಲು, ಗುಡ್ಡೆಗಳಿನ್ನೂ ಇಲ್ಲದಾಗ, ಕೆರೆ ಏರಿಯ ಮೇಲೆ ಸೈಕಲ್ಲಿನಲ್ಲಿ ಬಂದವರು, "ಹೂಡಿ ಕೆರೆ ತಟ್ಟೆ ಹಾಗಿದೆ ಕಣೋ, ತೊಂದರೆ ಆದ್ರೆ ಅಲ್ಲೇ ಇಳಿಸು" ಎಂದು ತಮ್ಮನಿಗೆ ತಾವೇ ಹೇಳಿದ್ದರು. ಮೇಲಿನಿಂದ ಗುಡ್ಡೆ ಕಾಣುವಂತಿದ್ದರೆ ತಪ್ಪು ಅವನದು. ಕಾಣದಿದ್ದರೆ ತಮ್ಮ ಮಾತಿನದು.

ಗುಡ್ಡೆಗಳಿಗೆ ಕಪ್ಪು ಬಣ್ಣ ಬಳಿದು, ದೀಪವನ್ನು ಪಕ್ಕದಲ್ಲಿಟ್ಟು ಯಂತ್ರದಲ್ಲಿ ಹಾರಿದರು. ಸಾಲುಸಾಲಾಗಿ, ನೆರಳಿನೊಡನೆ, ಗುಡ್ಡೆಗಳು ಸ್ಪಷ್ಟವಾಗಿ ಕಂಡವು. ಒಂದು ತಿಂಗಳು ನೆಮ್ಮದಿಯಿಂದ ಉಂಡರು. ಆದರೂ ಫಿಟ್ಟರನ ಮನಸ್ಸು. ಅಳತೆ ಸರಿಯೋ ಎಂದು, ಗುಡ್ಡೆಗಳನ್ನು ಕಣ್ಣಾರೆ ಕಂಡವರಿಗೆ ತೋರಿಸಬೇಕೆನಿಸಿತು. ಹೂಡಿಯಿಂದ ಹಾಲು ತರುತ್ತಿದ್ದ ಚಿಕ್ಕಮುನಿಯಮ್ಮನನ್ನು ಒಳಗೆ ಕರೆದರು. ಆ ದಿನ ಕೆರೆಯಲ್ಲಿ ಮಣ್ಣು ಹೊತ್ತವರಲ್ಲಿ ಅವಳೂ ಒಬ್ಬಳು.

"ಇದೇನ್ ಸಾಮಿ, ಇದ್ದಲು ಸುರ್ದಂಗೆ? ಅಗೆದಾಗ ಕರ್ರಗಿರ್ತದೆ, ಮೂರು ದಿನ ಬಿಸ್ಲು ಬಿದ್ರೆ ನೆಲದ ಬಣ್ಣನೇಯ."

"ನೆರಳು?"

"ಎಲ್ಲಿ ನೆಳ್ಳು? ಆಗ ನಾವು ಮುದ್ದೆ ಗಂಟು ಬಿಚ್ಚಿದ್ದೋ. ಒತ್ತು ನೆತ್ತಿ ಮ್ಯಾಲಿತ್ತು."

ಅವಳು ಹೋದ ಮೇಲೆ ಅವರು ಗುಡ್ಡೆಗಳಿಗೆ ನೆಲದ ಬಣ್ಣವನ್ನೇ ಬಳಿದರು. ದೀಪವನ್ನು ಬಿಚ್ಚಿ ಹಲಗೆಯ ನೆತ್ತಿಗೆ ನೇತುಹಾಕಿದರು. ಕುರ್ಚಿಯಲ್ಲಿ ಕುಳಿತು ಕೋಲನ್ನು ಮೆಲ್ಲನೆ ಒತ್ತಿದರು. ಕೆರೆಯಂಗಳ ತಟ್ಟೆಯ ಹಾಗೆ ಎದ್ದು ಬಂತು. ಮತ್ತೆ ಹಾರಿದರು, ಮತ್ತೆ ಇಳಿದರು. ಪ್ರತಿ ಸಲವೂ ತಮ್ಮದೇ ದನಿ ಕಿವಿಯ ಹತ್ತಿರ, ಅಲ್ಲೇ ಇಳಿಸು ಎನ್ನುತ್ತಿತ್ತು. ಪ್ರತಿ ಸಲವೂ ಎಲ್ಲಿಂದಲೋ ಬಂದ ಗುಡ್ಡೆಗೆ ಕೊಳವೆ ಠಕ್ಕೆಂದು ಬಡಿಯುತ್ತಿತ್ತು.

ಮಾರನೆಯ ಬೆಳಿಗ್ಗೆ ಚಿಕ್ಕಮುನಿಯಮ್ಮ ತಾನಾಗಿಯೇ ಕುರ್ಚಿಯಲ್ಲಿ ಕುಳಿತು ಕೊಳವೆಗೆ ಕಣ್ಣಿಟ್ಟಳು.

"ಗುಡ್ಡೆ ತೆಗ್ದುಬುಟ್ರಾ?"

"ಇಲ್ಲ. ಅಲ್ಲೇ ಇವೆ." ಅವರು ಎಂದರು: "ಅಲ್ಲಿ ಇಳಿಸು ಅಂತ ಅವನಿಗೆ ಹೇಳಿದ್ದು ನಾನೇ ಚಿಕ್ಕಮುನಿಯಮ್ಮ."

ಅವಳು ಎದ್ದು ಹಲಗೆಯ ಬಳಿಗೆ ಹೋಗಿ, ಕಣ್ಣು ಕಾಣದವರು ತಡಕುವಂತೆ, ಸಾಲನ್ನು ಬೆರಳಿನಿಂದ ಸವರುತ್ತ ಹೋದಳು. ಮೂರನೆಯದರ ಮೇಲೆ ಕೈ ನಿಂತಿತು.

"ಇದು ನಾವು ಹಾಕಿದ್ದು ಸಾಮಿ" ಎಂದಳು.