ಡಿಂಗ್ ಡಾಂಗ್ ಬಸ್ಸಿನ ಸ್ವಾಮಣ್ಣ

ನಮ್ಮ ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಜಗಳ ಹತ್ತಿಕೊಂಡಿತು. ಕ್ಯಾಸೆಟ್ ಕಾಲದ ಅತಿ ಒಳ್ಳೆಯ ಆಲ್ಬಮ್ ಯಾವುದು, ಕಿವಿ ಮುಚ್ಚಿಕೊಳ್ಳುವಂಥ ಪಾಪ್ ಹಾಡು ಯಾವುದು ಅಂತ. ರಿಟೈರ್ ಆದವರಿಗೆ ಇನ್ನೇನು ಕೆಲಸ! ಬೆಳಗಿನಿಂದ ಸಂಜೆಯವರೆಗೂ ಟಿಂಗ್ ಟಿಂಗ್ ಅಂತ ಮೆಸೇಜು. ನಾನು ಒಂದೂ ಹೆಸರು ಹಾಕಲಿಲ್ಲ. ಎರಡನ್ನೂ ಒಂದೇ ಬಸ್ಸಿನಲ್ಲಿ ಕೇಳಿದವನು ನಾನು. ಆ ಬಸ್ಸು ಓಡಿಸಿದ ಶಿವಕುಮಾರಸ್ವಾಮಿಯ ವಿಷಯ ಗೊತ್ತಿಲ್ಲದವರ ಹತ್ತಿರ ಈ ಮಾತು ಆಡಿ ಏನು ಬಂತು?

ಸ್ವಾಮಣ್ಣ ಯಳಂದೂರಿನವನು. ಕುಳ್ಳ, ಮೂಗಿನ ತುದಿಯಲ್ಲೇ ಕೋಪ, ಅದು ಇಳಿಯುವುದೂ ಅಷ್ಟೇ ಬೇಗ. ಗೋಪಿನಾಥಂನಿಂದ ಕೊಳ್ಳೇಗಾಲಕ್ಕೆ ಒಂದು ಖಾಸಗಿ ಬಸ್ಸು ಓಡಿಸುತ್ತಿದ್ದ. ರಾತ್ರಿ ಗೋಪಿನಾಥಂನಲ್ಲಿ ಹಾಲ್ಟ್. ಬೆಳಿಗ್ಗೆ ಐದೂವರೆಗೆ ಹೊರಟರೆ ಕಾಡು, ಬೆಟ್ಟ, ಕೌದಳ್ಳಿ, ಹನೂರು ದಾಟಿ ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ನಾನು ಆಗ ಗೋಪಿನಾಥಂ ಶಾಲೆಯಲ್ಲಿದ್ದೆ. ಆ ಕಡೆಗೆ ಬಸ್ಸು ಅಂದರೆ ಅದೇ, ತಪ್ಪಿದರೆ ಆ ದಿನ ತಪ್ಪಿದ ಹಾಗೆ.

ಬಸ್ಸಿನ ಟೇಪ್ ರೆಕಾರ್ಡರಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತ್ತು. ಯಾವನೋ ಪುಣ್ಯಾತ್ಮ ಅದನ್ನು ಒಳಗೆ ತುರುಕಿದವನು ಮತ್ತೆ ತೆಗೆಯಲಾಗದೆ ಬಿಟ್ಟುಹೋಗಿದ್ದ. ಗಾಡಿ ಸ್ಟಾರ್ಟ್ ಆದರೆ ಹಾಡೂ ಸ್ಟಾರ್ಟ್, ಹಾಗೆ ವೈರಿಂಗ್ ಮಾಡಿದ್ದರು. 'ಡಿಂಗ್ ಡಾಂಗ್ ಡಾರ್ಲಿಂಗು, ನಿನ್ ಹಾರ್ಟೇ ನನ್ ಪಾರ್ಕಿಂಗು' ಅಂತ ಒಬ್ಬ ಮೂಗಿನಲ್ಲಿ ಕಿರುಚುತ್ತಿದ್ದ. ಹಿಂದೆ ಡಬ್ಬ ಬಡಿದಂಥ ಕೀಬೋರ್ಡು. ನಾನು ಮೊದಲ ದಿನವೇ ಹತ್ತಿಯ ಉಂಡೆ ಕೊಂಡುಕೊಂಡೆ. ಸ್ವಾಮಣ್ಣನ ಮಾಲೀಕ ರಿಪೇರಿಗೆ ಕಾಸು ಬಿಚ್ಚುವ ಆಸಾಮಿಯಲ್ಲ. ವರ್ಷಗಟ್ಟಲೆ ಅದೇ ಹಾಡು.

"ನನ್ ಕರ್ಮ ಸಾ," ಅನ್ನುತ್ತಿದ್ದ ಸ್ವಾಮಣ್ಣ. "ಮನೇಲಿ ಎಂಥಾ ಕ್ಯಾಸೆಟ್ ಮಡಗಿದ್ದೀನಿ ಗೊತ್ತಾ? ಮಾದಪ್ಪನ್ ಪದ. ಕೇಳುದ್ರ ಮೈ ಜುಂ ಅಂತದ. ಇಲ್ ನೋಡುದ್ರ ಈ ಮುಂಡೇದು!"

ಮಲೆಯ ಮಹದೇಶ್ವರನ ಪದಗಳ ಆ ಕ್ಯಾಸೆಟ್ ನಮ್ಮ ಸೀಮೆಯಲ್ಲಿ ಭಾರೀ ಹಿಟ್. ಟೀ ಅಂಗಡಿಯಲ್ಲಿ ಅದೇ, ಹಿಟ್ಟಿನ ಗಿರಣಿಯಲ್ಲಿ ಅದೇ, ಬೆಟ್ಟಕ್ಕೆ ಹೋಗುವ ಪರಸೆಯವರ ವ್ಯಾನಿನಲ್ಲೂ ಅದೇ. ಅದನ್ನು ತನ್ನ ಬಸ್ಸಿನಲ್ಲಿ ಹಾಕಬೇಕು ಅನ್ನುವುದು ಸ್ವಾಮಣ್ಣನ ಒಂದೇ ಆಸೆ. ಬೇರೆ ಯಾವ ಚಟವೂ ಇರಲಿಲ್ಲ ಪಾಪ.

ಒಂದು ವರ್ಷ, ದಾರಿಯಿಂದ ತುಸು ಒಳಗಿದ್ದ ಹುಣಸೆದೊಡ್ಡಿ ಅನ್ನುವ ಸಣ್ಣ ಊರಿನಲ್ಲಿ ಪುಷ್ಪ ಅಂತ ಹುಡುಗಿ ಇದ್ದಳು. ಎರಡನೇ ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಹೋಗಿತ್ತು, ಮತ್ತೆ ಕಟ್ಟಿದ್ದಳು. ಅವಳ ಅಪ್ಪ ಗೋವಿಂದಯ್ಯ ಮೆಟ್ಟೂರು ಕಡೆಯ ಒಂದು ಗಂಡು ನೋಡಿ ಇಟ್ಟಿದ್ದ. ಈ ಸಲ ಪರೀಕ್ಷೆ ಬರೆದು ಪಾಸಾದರೆ ಓದು, ಇಲ್ಲವಾದರೆ ತಾಳಿ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದ. ಅವಳು ನನ್ನ ಹತ್ತಿರ ಗ್ರಾಮರ್ ಹೇಳಿಸಿಕೊಳ್ಳಲು ಬರುತ್ತಿದ್ದಳು. "ಈ ಸಲ ಆಗ್ದಿದ್ರ ನನ್ ಕತ ಮುಗೀತು ಸಾ," ಅಂದಿದ್ದಳು. ಇಡೀ ಬಸ್ಸಿಗೆ ಈ ವಿಷಯ ಗೊತ್ತು. ನಮ್ಮ ಬಸ್ಸಿನಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ.

ಪರೀಕ್ಷೆ ಕೊಳ್ಳೇಗಾಲದಲ್ಲಿ. ಅದೇ ದಿನ ನನಗೂ ಹನೂರಿನಲ್ಲಿ ಮೀಟಿಂಗು. ಬೆಳಿಗ್ಗೆ ಬಸ್ಸು ಹತ್ತಿದರೆ ಏನಾಶ್ಚರ್ಯ, ಮಾದಪ್ಪನ ಪದ! ಸ್ವಾಮಣ್ಣನ ಮುಖ ಊರಗಲ. ಹಿಂದಿನ ರಾತ್ರಿ ಸ್ಕ್ರೂಡ್ರೈವರ್ ಹಾಕಿ ಮೀಟಿ ಹಳೆಯದನ್ನು ಕಿತ್ತಿದ್ದನಂತೆ. ರೀಲೆಲ್ಲ ಚಿಂದಿ. ಅದನ್ನು ಒಲೆಗೆ ಹಾಕಿದೆ ಅಂತ ಬಂದವರಿಗೆಲ್ಲ ಹೇಳಿ ನಕ್ಕ. ನಾವೂ ಚಪ್ಪಾಳೆ ತಟ್ಟಿದೆವು. ನಾನಂತೂ ಕಿವಿಯ ಹತ್ತಿ ತೆಗೆದು ಕಿಟಕಿಯಾಚೆ ಎಸೆದೆ.

ಹುಣಸೆದೊಡ್ಡಿಯ ಹತ್ತಿರ ಯಾರೂ ನಿಂತಿರಲಿಲ್ಲ. ಸ್ವಾಮಣ್ಣ ನಿಧಾನ ಮಾಡಿದ, ನೋಡಿದ, ಮುಂದೆ ಹೋದ. ಎರಡು ತಿರುವು ದಾಟಿದ ಮೇಲೆ ಚಿಕ್ಕನಿಂಗಮ್ಮ ಎದ್ದು ನಿಂತಳು. ಕೌದಳ್ಳಿಗೆ ಸೊಪ್ಪು ಮಾರಲು ಹೋಗುವ ಮುದುಕಿ, ಅವಳ ಬಾಯಿಗೆ ಕಂಡಕ್ಟರೇ ಹೆದರುತ್ತಿದ್ದ.

"ಲೇ ಸ್ವಾಮಿ, ನಿಲ್ಸ್‌ಲಾ! ಪುಷ್ಪಿ ಎಲ್ಲಲಾ? ಇವತ್ತಲ್ವಾ ಅವಳ್ದು ಪರೀಕ್ಷ?"

"ನಿಂತಿರ್ನಿಲ್ವಲ್ಲವ್ವ, ನಾನೇನ್ ಮಾಡ್ಲಿ?"

"ಎಂಗ್ ನಿಂತಿರ್ತಳ? ಆನ ತಿರುಗಾಡೋ ರಸ್ತೇಲಿ ಕತ್ತಲಲ್ಲಿ ಯಾರ್ಲಾ ನಿಲ್ಲೋರು? ಆ ಡಿಂಗ್ ಡಾಂಗ್ ಕೇಳುದ್ರ ಮನ ಬುಟ್ಟು ಓಡ್ ಬತ್ತರ. ನೀ ಮಾದಪ್ಪನ್ ಪದ ಆಕ್ಕಂಡ್ ಬಂದ್ರ, ಯಾವ್ದೋ ಪರಸ ವ್ಯಾನು ಅಂದ್ಕಂಡು ಒಳಗೇ ಕೂತಿರ್ತರ!"

ಬಸ್ಸು ನಿಂತುಹೋಯಿತು. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ಅವನಿಗಾಗಲೀ ನನಗಾಗಲೀ ಇದು ಹೊಳೆದಿರಲಿಲ್ಲ. ಕಾಡಿನಲ್ಲಿ ಹಾರ್ನ್ ಮಾಡಬಾರದು ಅಂತ ಅರಣ್ಯ ಇಲಾಖೆಯ ಬೋರ್ಡಿತ್ತು. ಹಾಡಿಗೆ ಬೋರ್ಡಿರಲಿಲ್ಲ, ಜನ ಅದನ್ನೇ ಗಡಿಯಾರ ಮಾಡಿಕೊಂಡಿದ್ದರು.

ತಿರುಗಿಸಲು ಜಾಗವಿಲ್ಲ. ಕಂಡಕ್ಟರ್ ಇಳಿದು ಟಾರ್ಚು ಹಿಡಿದು ಸೀಟಿ ಊದಿದ, ಸ್ವಾಮಣ್ಣ ಇಡೀ ಬಸ್ಸನ್ನು ರಿವರ್ಸ್‌ನಲ್ಲೇ ತಂದ. ಆ ತಿರುವುಗಳಲ್ಲಿ ನನಗೆ ಮನೆದೇವರೆಲ್ಲ ನೆನಪಾದರು. ತಂದು ನಿಲ್ಲಿಸಿದ ಮೇಲೆ ಏನು ಮಾಡುವುದು? ಕ್ಯಾಸೆಟ್ ಒಲೆ ಸೇರಿತ್ತು.

ಸ್ವಾಮಣ್ಣ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಶುರು ಮಾಡಿಬಿಟ್ಟ. "ಡಿಂಗ್ ಡಾಂಗ್ ಡಾರ್ಲಿಂಗೂ..." ಅಯ್ಯೋ ಶಿವನೇ, ಆ ದನಿ! ಕಂಡಕ್ಟರ್ ಸೇರಿಕೊಂಡ. ಚಿಕ್ಕನಿಂಗಮ್ಮ ಸೇರಿಕೊಂಡಳು. ಕೊನೆಗೆ ಇಡೀ ಬಸ್ಸು ಕಿರುಚಿತು, ನಾನೂ ಕಿರುಚಿದೆ. ಒಂದು ಪದವೂ ತಪ್ಪದೆ ಬಾಯಿಗೆ ಬರುತ್ತಿತ್ತಲ್ಲ, ಅದಕ್ಕೇ ನನಗೆ ನಾಚಿಕೆಯಾಯಿತು.

ದೊಡ್ಡಿಯಲ್ಲಿ ಹಚ್ಚಿದ್ದ ದೀಪವೂ ಆರಿಹೋಯಿತು. ಚಿಕ್ಕನಿಂಗಮ್ಮ ಹಣೆ ಹಣೆ ಚಚ್ಚಿಕೊಂಡಳು. "ಆನ ಓಡ್ಸ್ತಾವ್ರ ಅಂದ್ಕಂಡ್ರು ಕಣ್ರಲಾ! ಬಾಗ್ಲಾಕ್ಕಂಡ್ರು!"

ನಿಜ, ಆ ಹೊತ್ತಿನಲ್ಲಿ ಅಷ್ಟು ಜನ ಒಟ್ಟಿಗೆ ಅರಚಿದರೆ ಅಲ್ಲಿ ಅದಕ್ಕೆ ಒಂದೇ ಅರ್ಥ. ಸ್ವಾಮಣ್ಣ ಇಳಿದು ಕಾಲುದಾರಿ ಹಿಡಿದ. ಆನೆಯ ಭಯ ಅವನಿಗೂ ಇತ್ತು. ಅವನೊಬ್ಬನನ್ನೇ ಕಳಿಸಲು ಮನಸ್ಸು ಬಾರದೆ ಉಳಿದವರೂ ಇಳಿದೆವು. ಗೋವಿಂದಯ್ಯನ ಮನೆ ಬಾಗಿಲು ಬಡಿದಾಗ ಅವನು ಕೊಡಲಿ ಹಿಡಿದೇ ತೆಗೆದ. ಅವನ ಹಿಂದೆ ಪುಷ್ಪ, ಜಡೆ ಹೆಣೆದು, ಹಾಲ್ ಟಿಕೆಟ್ ಹಿಡಿದು, ಬಸ್ಸು ಬರಲಿಲ್ಲ ಅಂತ ಅಳುತ್ತಾ ಕೂತಿದ್ದಳು.

ಆಮೇಲೆ ಸ್ವಾಮಣ್ಣ ಓಡಿಸಿದ ಓಟ ಹೇಳುವುದು ಬೇಡ. ಆದರೆ ಘಾಟಿಯ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು, ಅಲ್ಲಿ ಹೊತ್ತು ಹೋಯಿತು. ಹನೂರಿನಲ್ಲಿ ನಿಲ್ಲಿಸಲೇ ಇಲ್ಲ. ಇಳಿಯಬೇಕಾದ ನಾನು ಸುಮ್ಮನೆ ಕೂತೆ. ಮೀಟಿಂಗು ಹಾಳಾಗಿಹೋಗಲಿ ಅನ್ನಿಸಿತು. ಕೊಳ್ಳೇಗಾಲದಲ್ಲಿ ಬಸ್ಸನ್ನು ನೇರ ಪರೀಕ್ಷೆ ನಡೆಯುವ ಕಾಲೇಜಿನ ಗೇಟಿಗೇ ತಂದ.

ಪುಷ್ಪಳನ್ನು ಒಳಗೆ ಬಿಡಲಿಲ್ಲ. ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಮೀರಿತ್ತು. ನಾನೂ ಹೋಗಿ ಪರೀಕ್ಷೆಯ ಮುಖ್ಯಸ್ಥರಿಗೆ ಕೈ ಮುಗಿದೆ. ರೂಲ್ಸು ಮೇಷ್ಟ್ರೇ, ನಿಮಗೇ ಗೊತ್ತಲ್ಲ ಅಂದರು. ಗೊತ್ತಿತ್ತು. ನಾನೇ ಎಷ್ಟೋ ಮಕ್ಕಳಿಗೆ ಹಾಗೆ ಹೇಳಿದ್ದೆ.

ಸಂಜೆಯ ಟ್ರಿಪ್ಪಿನಲ್ಲಿ ಪುಷ್ಪ ಮುಂದಿನ ಸೀಟಿನಲ್ಲಿ ಕೂತಿದ್ದಳು. ಅಳು ಮುಗಿದುಹೋಗಿತ್ತು. ಸ್ವಾಮಣ್ಣ ಟೇಪಿನ ವೈರನ್ನೇ ಕಿತ್ತು ಹಾಕಿದ್ದ. ದಾರಿಯುದ್ದಕ್ಕೂ ಒಂದೇ ಮಾತು. "ನನ್ ಚಪಲಕ್ಕ ಒಂದ್ ಎಣ್ ಮಗೀನ್ ಬಾಳ್ ಆಳ್ ಮಾಡ್ಬುಟ್ನಲ್ಲಾ ಸಾ."

ಹುಣಸೆದೊಡ್ಡಿಯಲ್ಲಿ ಗೋವಿಂದಯ್ಯ ರಸ್ತೆಗೇ ಬಂದು ನಿಂತಿದ್ದ. ಮಗಳ ಮುಖ ನೋಡಿದ, ಅವನಿಗೆ ತಿಳಿಯಿತು. ಸ್ವಾಮಣ್ಣ ಇಳಿದು ಅವನ ಎದುರು ತಲೆ ತಗ್ಗಿಸಿದ. "ತಪ್ಪು ನಂದು ಕಣಣ್ಣ. ಮಗಿನ್ದೇನೂ ಇಲ್ಲ. ವಡೀ ಬೇಕಾದ್ರ ನನ್ನ."

ಗೋವಿಂದಯ್ಯ ಬಸ್ಸಿನ ಕಡೆ ತಿರುಗಿದ. ಕಿಟಕಿಗಳಲ್ಲಿದ್ದ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದ. ಆಮೇಲೆ ಮಗಳ ಕೈಯಿಂದ ಚೀಲ ತೆಗೆದುಕೊಂಡ.

"ಆನ ಬರೋ ಒತ್ನಲ್ಲಿ ಒಂದ್ ಬಸ್ ಜನ ಇಳ್ದು ಬಂದು, ಇವಳ್ನ ಓದಕ್ ಕಳ್ಸು ಅಂತ ನನ್ ಬಾಗ್ಲು ಬಡುದ್ರಿ. ನಾನೊಬ್ಬ ಬ್ಯಾಡ ಅನ್ನಕ್ ಆದದಾ?" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ಮುಂದುನ್ ಪರೀಕ್ಷ ಯಾವಾಗ? ಮುಂಚಿನ್ ದಿನ್ವೇ ಕೊಳ್ಳೇಗಾಲಕ್ಕ ಕರ್ಕಂಡೋಗಿ ಅಲ್ಲೇ ಮಲಿಕ್ಕತೀನಿ."