ಬಣ್ಣದ ದೀಪ ಒಪ್ಪದ ಮರ್ಗೊನೊ

ಜಕಾರ್ತದ ಮಂಗ್ಗಾ ದುವಾ ಮಾರ್ಕೆಟ್ಟಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವವರು ಹತ್ತು ಅಂಗಡಿ ಸುತ್ತಿ, ತಲೆ ಕೆಟ್ಟು, ಕೊನೆಗೆ ಬರುವುದು ಎಲ್ಲರೂ ಬಾಪಾಕ್, ಅಂದರೆ ಅಪ್ಪಾಜಿ, ಎಂದು ಕರೆಯುವ ಅಂಗಡಿಯ ಮರ್ಗೊನೊ ಅವರ ಬಳಿಗೇ. ಡಬ್ಬಿಯ ಮೇಲಿನ ಅಂಕಿಗಳನ್ನು ಅವರು ಓದುವುದೇ ಇಲ್ಲ. ಗಿರಾಕಿ ಮೆಚ್ಚಿದ ಎರಡು ಲ್ಯಾಪ್‌ಟಾಪಿನಲ್ಲೂ ಭಾರಿ ಆಟ ಹಚ್ಚಿ, ಮಗುವಿನ ಜ್ವರ ನೋಡುವಂತೆ ಒಂದೊಂದರ ಮೇಲೂ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂರುತ್ತಾರೆ. "ಮನುಷ್ಯನ ಮೈಗೆ ತಣ್ಣನೆ ಗಾಳಿ ಹೊಕ್ಕರೆ ಕಾಯಿಲೆ, ಇದಕ್ಕೆ ಗಾಳಿ ಹೊಗದಿದ್ರೆ ಕಾಯಿಲೆ. ಇದರ ಫ್ಯಾನು ಏದುಸಿರು ಬಿಡ್ತಿದೆ ತಮ್ಮಾ, ಅದನ್ನ ತಗೋ" ಎಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ಕೀಲಿಮಣೆಯಲ್ಲಿ ಬಣ್ಣದ ದೀಪ ಬೇಕೆಂದವರಿಗೆ, "ಯಾಕೆ, ಮನೇಲಿ ಮದುವೆ ಇದೆಯಾ?" ತಲೆ ತಗ್ಗಿಸಿ ಚೌಕಾಸಿ ಮಾಡಿದರೆ, "ನನ್ನ ಮುಖ ನೋಡ್ಕೊಂಡು ಮಾತಾಡು" ಎಂದು ಗದರುತ್ತಾರೆ. ನೋಟದಲ್ಲೇ ಗಿರಾಕಿಯ ಜೇಬು ಅಳೆಯುವ ಪಾಕಡಾ ಎಂದು ಅಕ್ಕಪಕ್ಕದ ಅಂಗಡಿಯವರ ಮಾತು. ಹೋದ ವರ್ಷ ಬಾಪಾಕರ ಅಂಗಡಿಗೆ ಕೆಲಸಕ್ಕೆ ಸೇರಿದ ವೆನಿಂಗ್ ಕೂಡ ಹಾಗೆಯೇ ನಂಬಿದ್ದಳು. ಮೊನ್ನೆ ಲ್ಯಾಪ್‌ಟಾಪ್ ಆರಿಸಿಯಾಗಿ ಚೌಕಾಸಿ ನಡೆಯುತ್ತಿದ್ದಾಗ ಕರೆಂಟು ಹೋಯಿತು. "ಬಾಪಾಕ್, ಕೊನೆ ರೇಟು ಹೇಳಿ" ಎಂದು ಕತ್ತಲಲ್ಲಿ ಗಿರಾಕಿ ಮೂರು ಸಲ ಕೇಳಿದ. ಸದಾ ಮಾತಾಡುವ ಬಾಪಾಕ್ ತುಟಿ ಬಿಚ್ಚಲಿಲ್ಲ. ವೆನಿಂಗ್‌ಗೆ ಆಗ ಹೊಳೆಯಿತು: ಇವರಿಗೆ ಕಿವಿ ಕೇಳುವುದಿಲ್ಲ; ಫ್ಯಾನಿನ ಸದ್ದನ್ನು ಅಂಗೈಯಿಂದ, ಗಿರಾಕಿಯ ಮಾತನ್ನು ತುಟಿಯಿಂದ ತಿಳಿದುಕೊಳ್ಳುತ್ತಾ ಬಂದಿದ್ದಾರೆ. ಅವಳು ಕಪಾಟಿನಿಂದ ಒಂದು ಲ್ಯಾಪ್‌ಟಾಪ್ ತೆಗೆದು, ಅದರ ಬಣ್ಣದ ದೀಪಗಳನ್ನೆಲ್ಲ ಹೊತ್ತಿಸಿ, ಗಿರಾಕಿಯ ಮುಖದತ್ತ ತಿರುಗಿಸಿ ಹಿಡಿದಳು. "ಹಾಂ, ಈಗ ಹೇಳು ತಮ್ಮಾ" ಎಂದರು ಬಾಪಾಕ್, ಅದೇ ಗತ್ತಿನಲ್ಲಿ.