ಗಿರಣಿಗೆ ಬಂದ ಜೋಳ

ನಮ್ಮವರು ವಿಮೆ ಏಜೆಂಟರು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮದುವೆಯಾಗಿ ಬಂದಾಗಿನಿಂದ ಅವರು ಹೆಗಲಿಗೆ ಚೀಲ ಹಾಕಿಕೊಂಡು ತಿರುಗುವುದನ್ನೇ ನೋಡಿದ್ದೇನೆ. ನೇಕಾರರ ಮನೆ, ಕಿರಾಣಿ ಅಂಗಡಿ, ಸಾಲಿ, ಹೊಲದ ಬದು, ಎಲ್ಲಿ ಮನುಷ್ಯರಿದ್ದರೋ ಅಲ್ಲಿಗೆ ಹೋಗುತ್ತಿದ್ದರು. ಈ ಉದ್ಯೋಗದಲ್ಲಿ ಕೊನೆಗೆ ಮಾತಾಡಬೇಕಾದದ್ದು ಸಾವಿನ ಬಗ್ಗೆ. ಎದುರು ಕುಳಿತವನಿಗೆ ನೀನು ಸತ್ತರೆ ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ? ಇವರು ಚಹಾ ಕುಡಿದು, ಮನೆಮಂದಿಯ ಸುದ್ದಿಯೆಲ್ಲ ಕೇಳಿ, ಏಳುವ ಹೊತ್ತಿಗೆ ‘ದೇವರು ಚಲೋ ಇಡ್ಲಿ, ನಾಳೆ ಏನರ ಹೆಚ್ಚುಕಮ್ಮಿ ಆದ್ರ’ ಎನ್ನುತ್ತಿದ್ದರು. ಅಷ್ಟಕ್ಕೇ ಎಲ್ಲರಿಗೂ ತಿಳಿಯುತ್ತಿತ್ತು. ಅಮಾವಾಸ್ಯೆಯ ದಿನ ಆ ಮಾತು ಎತ್ತುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಯಾರ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ಇದನ್ನು ಅವರಿಗೆ ಯಾವ ಕಚೇರಿಯವರೂ ಕಲಿಸಿರಲಿಲ್ಲ.

ಕುಡಿಯುವುದಿಲ್ಲ, ಅಡುಗೆಗೆ ಹೆಸರಿಡುವುದಿಲ್ಲ, ಹೇಳಿದ ಹೊತ್ತಿಗೆ ಮನೆಗೆ ಬರುತ್ತಾರೆ. ಇಂಥವರನ್ನು ಕೊಟ್ಟದ್ದಕ್ಕೆ ಎಷ್ಟೋ ಸೋಮವಾರ ಕಾಲಕಾಲೇಶ್ವರನ ಮೆಟ್ಟಿಲು ಹತ್ತಿ ಕೈ ಮುಗಿದು ಬಂದಿದ್ದೇನೆ. ಈಗಲೂ ಮುಗಿಯುತ್ತೇನೆ. ಆದರೆ ಮೊದಲಿನ ಹಾಗೆ ಕಣ್ಣು ಮುಚ್ಚಿ ಮುಗಿಯುವುದು ಆಗುತ್ತಿಲ್ಲ.

ನನ್ನ ತವರು ಸವಡಿ. ಅಲ್ಲಿ ನನಗೆ ಇದ್ದವನು ಒಬ್ಬನೇ ಅಣ್ಣ. ಅವನಿಗೂ ನಮ್ಮವರೇ ಪಾಲಿಸಿ ಮಾಡಿಸಿದ್ದರು. ‘ನಿಮ್ಮ ಕಾಟ ತಪ್ಪಲಿ, ಒಂದ ಮಾಡಸ್ತೀನಿ ತಗೋರಿ’ ಎಂದು ಅವನು ನಗುತ್ತಲೇ ಸಹಿ ಹಾಕಿದ್ದ. ಕೆಲವು ವರ್ಷ ಕಳೆದ ಮೇಲೆ ಗೋವಿನಜೋಳ ಹೇರಿಕೊಂಡು ಬರುವಾಗ ಹಳ್ಳದ ದಾರಿಯಲ್ಲಿ ಟ್ರ್ಯಾಕ್ಟರ್ ಮಗುಚಿತು. ಅಣ್ಣ ಅಲ್ಲೇ ಹೋದ. ಆಗ ನಮ್ಮವರು ಮಾಡಿದ್ದನ್ನು ನಾನು ಯಾವತ್ತೂ ಮರೆಯುವವಳಲ್ಲ. ಠಾಣೆ, ದವಾಖಾನೆ, ಪಂಚಾಯ್ತಿ, ವಿಮೆ ಕಚೇರಿ ಎಂದು ಕಾಗದಗಳ ಬೆನ್ನು ಹತ್ತಿ, ಕ್ಲೇಮಿನ ಹಣ ಅಣ್ಣನ ಹೆಂಡತಿಯ ಖಾತೆಗೆ ಬೀಳುವ ತನಕ ಅವರು ಚಪ್ಪಲಿ ಸವೆಸಿದರು. ಅಣ್ಣನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ವೈನಿ ಆ ಹಣದಲ್ಲಿ ಮನೆಯ ಪಡಸಾಲೆಗೆ ಹೊಂದಿಸಿ ಒಂದು ಹಿಟ್ಟಿನ ಗಿರಣಿ ಹಾಕಿದಳು. ಬಂಧುಗಳು ಕಾಳುಕಡಿ ಕೊಡಲು ಬಂದರೆ ‘ಕೊಡಾಕ ತರಬ್ಯಾಡ್ರಿ, ಬೀಸಾಕ ತರ್ರಿ’ ಎಂದು ಬಾಗಿಲಲ್ಲೇ ಹೇಳಿಬಿಟ್ಟಳು. ಅವಳ ಇಬ್ಬರು ಮಕ್ಕಳು ಒಂದು ದಿನವೂ ಸಾಲಿ ತಪ್ಪಿಸಲಿಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಆದರೆ ತಾವಾಗಿ ಹೋಗುವಂತಿಲ್ಲ, ತವರಿನಿಂದ ಕರೆಯಲು ಬರಬೇಕು. ಅಣ್ಣ ಹೋದ ವರ್ಷ ಇನ್ನು ನನ್ನನ್ನು ಯಾರು ಕರೆಯುತ್ತಾರೆ ಎಂದು ಒಲೆಯ ಮುಂದೆ ಕುಳಿತು ಅತ್ತಿದ್ದೆ. ಹೊರಗೆ ಯಾರೋ ಕೆಮ್ಮಿದಂತಾಯಿತು. ನೋಡಿದರೆ ವೈನಿ. ಮೈತುಂಬ ಸೆರಗು ಹೊದ್ದು, ಉಂಡಿಯ ಡಬ್ಬಿ ಹಿಡಿದು, ಗಂಡಸರು ನಿಲ್ಲುವ ಹಾಗೆ ಕಟ್ಟೆಯ ಮೇಲೆ ನಿಂತಿದ್ದಳು. ‘ನಡಿ ತಂಗೆವ್ವ, ನಿಮ್ಮಣ್ಣ ಕಳಸ್ಯಾನ’ ಎಂದಳು. ಅಂದಿನಿಂದ ಪ್ರತಿ ಪಂಚಮಿಗೂ ಅದೇ ಮಾತು, ಅದೇ ಡಬ್ಬಿ. ಅಣ್ಣ ಇದ್ದಾನೆ ಎಂದು ನನಗೆ ವರ್ಷಕ್ಕೊಮ್ಮೆ ಅನ್ನಿಸುತ್ತಿದ್ದದ್ದು ಆ ಮಾತಿನಿಂದ.

ಈಗ ಕಳೆದ ಬೇಸಿಗೆಯ ಸುದ್ದಿಗೆ ಬರುತ್ತೇನೆ. ವಿಮೆ ಕಚೇರಿಯ ಸಾಹೇಬರು ಏಜೆಂಟರನ್ನೆಲ್ಲ ರೋಣಕ್ಕೆ ಕರೆಸಿದರು. ಮನೆ ಮನೆ ತಿರುಗುವುದು ಹಳೆಯ ಕಾಲದ್ದಾಯಿತು, ಇನ್ನು ನೌಕರಿಯಲ್ಲಿದ್ದವರಿಗೆ ಇಮೇಲ್ ಕಳಿಸಬೇಕು, ಬರೆಯುವ ಕೆಲಸ ಎಐ ನೋಡಿಕೊಳ್ಳುತ್ತದೆ ಎಂದು ಹೇಳಿ ಎಲ್ಲರ ಮೊಬೈಲಿಗೂ ಅದನ್ನು ಹಾಕಿಸಿಕೊಟ್ಟರು. ಮಾಸ್ತರರು, ಬ್ಯಾಂಕಿನವರು, ಆಫೀಸಿನವರು ಇವರ ವಿಳಾಸಗಳನ್ನೂ ಕೊಟ್ಟರು. ನಮ್ಮವರು ಸಂಜೆ ಬಸ್ಸಿಳಿದು ಬಂದಾಗ ಮುಖ ಮದುಮಗನ ಮುಖದಂತಿತ್ತು. ‘ನಾ ಕನ್ನಡದಾಗ ಮಾತಾಡಿದ್ರ ಸಾಕು, ಅದು ಕಲೆಕ್ಟರ್ ಸಾಹೇಬ ಬರದಂಗ ಇಂಗ್ಲಿಷಿನ್ಯಾಗ ಬರೀತೈತಿ’ ಎಂದರು. ನನಗೂ ಖುಷಿಯಾಯಿತು. ಇನ್ನಾದರೂ ಬಿಸಿಲಲ್ಲಿ ತಿರುಗುವುದು ತಪ್ಪೀತು, ಮೊಣಕಾಲಿಗೆ ಒಂದಿಷ್ಟು ಆರಾಮ ಸಿಕ್ಕೀತು ಎಂದು ದೇವರಿಗೆ ಒಂದು ಎಣ್ಣೆ ದೀಪ ಹೆಚ್ಚಿಗೆ ಹಚ್ಚಿದೆ.

ಮರುದಿನ ಅವರು ಪಡಸಾಲೆಯಲ್ಲಿ ಕುಳಿತು ಮೊಬೈಲಿನೊಂದಿಗೆ ಮಾತಿಗಿಳಿದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಿಮ್ಮ ಬಳಗದಲ್ಲಿ ನಡೆದ ಒಂದು ನಿಜವಾದ ಘಟನೆ ಹೇಳಿ, ಓದುವವರ ಮನಸ್ಸಿಗೆ ತಟ್ಟುತ್ತದೆ ಎಂದು ಅದು ಕೇಳಿತು. ಇವರು ‘ನಮ್ಮ ಹೆಂಡ್ತಿ ಅಣ್ಣ, ಸವಡ್ಯಾವ, ಟ್ರ್ಯಾಕ್ಟರ್ ಬಿದ್ದು ತೀರಿಕೊಂಡ. ಹೆಂಡ್ತಿ ಅದಾಳ, ಎರಡ ಸಣ್ಣ ಮಕ್ಕಳು’ ಎಂದರು. ಹೆಚ್ಚುಕಮ್ಮಿ ಎಂಬ ಮಾತು ಅಲ್ಲಿ ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಆದರೂ ಮುಂದಿನದನ್ನೂ ಹೇಳುತ್ತಾರೆ, ಕ್ಲೇಮು, ಗಿರಣಿ, ತಾವು ಪಟ್ಟ ಪಾಡು ಎಲ್ಲ ಬರುತ್ತದೆ ಎಂದು ನಾನು ಕಾದೆ. ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು. ಇವರು ಎದ್ದು ಹೋದರು. ಬರುವುದರೊಳಗೆ ಪತ್ರ ತಯಾರಾಗಿತ್ತು. ಇವರಿಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು, ಊರು, ಪಾಲಿಸಿಯ ನಮೂನೆ ಇಷ್ಟನ್ನು ಓದಲು ಬರುತ್ತದೆ. ಪತ್ರ ಉದ್ದವಾಗಿದೆ, ಸವಡಿ ಎಂಬ ಹೆಸರಿದೆ, ಕೆಳಗೆ ತಮ್ಮ ಹೆಸರಿದೆ ಎಂಬುದನ್ನು ನೋಡಿ ಎಲ್ಲರಿಗೂ ಕಳಿಸಿಬಿಟ್ಟರು.

ಉತ್ತರಗಳು ಬಂದವು. ನರಗುಂದದಿಂದ ಬ್ಯಾಂಕಿನವರೊಬ್ಬರು ಫೋನ್ ಮಾಡಿ, ಪತ್ರ ಓದಿ ಕಣ್ಣಲ್ಲಿ ನೀರು ಬಂತು ಎಂದರಂತೆ. ಅವರು ಪಾಲಿಸಿ ಮಾಡಿಸಿದ ದಿನ ಇವರು ಪೇಢೆ ತಂದರು. ನಾನೂ ದೇವರ ಮುಂದೆ ಇಟ್ಟು ತಿಂದೆ.

ಸಾಲಿ ಶುರುವಾದ ಮೇಲೆ ಒಂದು ದಿನ ವೈನಿಯ ಫೋನ್ ಬಂತು. ‘ಬಿಡುವಿದ್ರ ಒಮ್ಮಿ ಬಂದ ಹೋಗು’ ಎಂದಳು. ಆರಾಮ ಇದ್ದೀಯಾ ಎಂದು ಕೇಳಲಿಲ್ಲ. ನಾನು ಹೆದರಿ ಮೊದಲ ಬಸ್ಸಿಗೇ ಹೊರಟೆ. ಗಿರಣಿಯ ಮುಂದೆ ಹೆಂಗಸರು ಡಬ್ಬಿ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ವೈನಿ ನನ್ನನ್ನು ನೋಡಿ ಒಳಗೆ ಬಾ ಎನ್ನಲಿಲ್ಲ. ನಾನೂ ಅವರ ಸಾಲಿನಲ್ಲೇ ಕುಳಿತೆ. ಕೊನೆಯವಳೂ ಹಿಟ್ಟು ತೆಗೆದುಕೊಂಡು ಹೋದ ಮೇಲೆ ಗಿರಣಿ ನಿಲ್ಲಿಸಿ, ಕೈ ಜಾಡಿಸಿಕೊಂಡು ಬಂದು ನನ್ನ ಎದುರಿಗೆ ಕುಳಿತು ನಡೆದದ್ದನ್ನು ಹೇಳಿದಳು.

ಸವಡಿಯ ಹೈಸ್ಕೂಲಿಗೆ ಹೊಸ ಮಾಸ್ತರರು ವರ್ಗವಾಗಿ ಬಂದಿದ್ದರು. ನಮ್ಮವರು ಪತ್ರ ಕಳಿಸಿದವರಲ್ಲಿ ಅವರೂ ಒಬ್ಬರು. ತಾನು ಹೋಗುವ ಊರಿನಲ್ಲೇ ಇಂಥ ಒಬ್ಬ ಹೆಣ್ಣುಮಗಳಿದ್ದಾಳೆ ಎಂದು ಓದಿ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಟ್ರ್ಯಾಕ್ಟರ್ ಬಿದ್ದು ಸತ್ತವನ ಹೆಂಡತಿ ಎಲ್ಲಿ ಎಂದಷ್ಟೇ ಊರಲ್ಲಿ ವಿಚಾರಿಸಿ, ಪರಊರಿನಿಂದ ಬರುವ ಉಳಿದ ಮಾಸ್ತರರೊಡನೆ ಸೇರಿ ಒಂದು ಚೀಲ ಜೋಳ ಕೊಂಡು, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಗಿರಣಿಗೆ ಬಂದರು. ಅವಳು ಅಲ್ಲಿ ಕೂಲಿಗೆ ನಿಂತವಳು ಎಂದೇ ಅವರು ತಿಳಿದಿದ್ದರು. ವೈನಿ ಚೀಲವನ್ನು ತಕ್ಕಡಿಯ ಮೇಲೆ ಇಡಿಸಿ, ಎಲ್ಲರನ್ನೂ ಕೇಳುವ ಹಾಗೆ ‘ಸಣ್ಣಗ ಬೀಸ್ಲೋ, ದಪ್ಪಗ ಬೀಸ್ಲೋ?’ ಎಂದು ಕೇಳಿದಳು. ಮಾಸ್ತರರು ಕೈ ಮುಗಿದು, ಇದು ಬೀಸಲು ಅಲ್ಲ ತಾಯಿ, ನಿಮ್ಮ ಮಕ್ಕಳಿಗೆ ಎಂದರು. ಸಾಲಿನಲ್ಲಿ ಕುಳಿತ ಹೆಂಗಸರೆಲ್ಲ ಕೇಳಿಸಿಕೊಂಡರು. ಯಾಕೆ ಎಂದು ವೈನಿ ಕೇಳಿದಾಗ ಅವರು ಮೊಬೈಲ್ ತೆಗೆದು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ಗಂಡ ಒಂದು ಪಾಲಿಸಿಯನ್ನೂ ಮಾಡಿಸದೆ ಸತ್ತನಂತೆ. ಮಕ್ಕಳು ಸಾಲಿ ಬಿಟ್ಟರಂತೆ. ಆ ತಾಯಿ ರಾತ್ರಿ ಬರಿಯ ನೀರು ಕುಡಿಸಿ ಅವರನ್ನು ಮಲಗಿಸುತ್ತಾಳಂತೆ.

‘ಯಾರ ಮಕ್ಕಳು ತಂಗೆವ್ವ ಅವು?’ ಎಂದು ವೈನಿ ನನ್ನನ್ನು ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ‘ನನ್ನ ಬಿಡು. ನಿಮ್ಮಣ್ಣ ಹೆಂಡ್ರು ಮಕ್ಕಳಿಗೆ ಏನೂ ಮಾಡಿಡದ ಹೋದ ಅಂತ ಊರೆಲ್ಲ ಆತಲ್ಲ. ಮಾಡಿಟ್ಟದ್ದು ನಿನ್ನ ಗಂಡಗ ಗೊತ್ತಿರಲಿಲ್ಲೇನ?’

ಆ ಜೋಳ ಏನಾಯಿತು ಎಂದು ಕೇಳಿದೆ. ಬೀಸಿ, ಕೂಲಿ ತೆಗೆದುಕೊಳ್ಳದೆ ಗುಡಿಯ ದಾಸೋಹಕ್ಕೆ ಕಳಿಸಿದೆ ಎಂದಳು. ನಾನು ಏಳುವಾಗ ಅವಳು ಒಂದೇ ಮಾತು ಹೇಳಿದಳು. ‘ಯಾರ್‍ಯಾರಿಗೆ ಕಳಿಸ್ಯಾರೋ ಅವರಿಗೆಲ್ಲ ಅದು ಸುಳ್ಳು ಅಂತ ಬರೀಲಿ. ಬರದ್ರ ಪಂಚಮಿಗೆ ಬರ್ತೀನಿ. ಇಲ್ಲಂದ್ರ ನಿಮ್ಮಣ್ಣ ಕಳಸ್ಯಾನ ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ.’

ಮನೆಗೆ ಬಂದು ಇವರಿಗೆ ಎಲ್ಲವನ್ನೂ ಹೇಳಿದೆ. ಮುಖ ಬಾಡಿತು, ಅದು ಸುಳ್ಳಲ್ಲ. ಯಂತ್ರ ತಾನಾಗಿ ಸೇರಿಸಿದೆ, ನಾನು ಅಷ್ಟು ಹೇಳಿರಲಿಲ್ಲ ಎಂದರು. ಅದೂ ನಿಜ. ಹಾಗಾದರೆ ತಿದ್ದಿ ಬರೆಯಿರಿ ಎಂದೆ. ಆಗ ಬೇರೆ ಮಾತು ಬಂತು.

‘ಅದರಾಗ ಯಾರ ಹೆಸರರ ಐತೇನ?’ ಎಂದರು.

‘ಹೆಸರ ಯಾಕ ಬೇಕ್ರಿ, ಸವಡಿ ಅಂದ್ರ ಸಾಕಲ್ಲ’ ಎಂದೆ.

‘ನಾ ಬರದದ್ದು ಸುಳ್ಳು ಅಂತ ನಾನ ಬರದ್ರ ನಾಳೆ ನನ್ನ ಕಡೆ ಯಾರ ಪಾಲಿಸಿ ಮಾಡಸ್ತಾರ?’

‘ಖರೇ ಬರೀರಿ. ಪಾಲಿಸಿ ಇತ್ತು, ನಾನ ಓಡ್ಯಾಡಿ ರೊಕ್ಕ ಕೊಡಿಸಿದೆ, ಅದರಾಗ ಗಿರಣಿ ಹಾಕ್ಯಾಳ, ಮಕ್ಕಳು ಸಾಲಿ ಕಲೀತಾವ ಅಂತ ಬರೀರಿ. ಅದಕಿಂತ ಚಲೋದು ಮತ್ತೇನ ಬೇಕು?’

ಅವರು ಮೊಬೈಲನ್ನು ಕೈಗೆತ್ತಿಕೊಂಡರು. ‘ಚಲೋ ಆದದ್ದು ಓದಿ ಯಾರೂ ಹೆದರೂದಿಲ್ಲ. ಹೆದರಿದ್ರ ಮಾಡಸ್ತಾರ’ ಎಂದರು.

ಇಷ್ಟು ವರ್ಷ ಯಾರನ್ನೂ ಹೆದರಿಸದೆ ಪಾಲಿಸಿ ಮಾಡಿಸಿದ ಮನುಷ್ಯ ಇವರು. ಅವರ ಬಾಯಿಂದ ಬಂದ ಮಾತು ಇದು. ಯಂತ್ರವನ್ನು ನಾನು ಬೈಯುವುದಿಲ್ಲ. ಕಳಿಸುವ ಮೊದಲು ವಿವರಗಳನ್ನು ನೋಡಿಕೊಳ್ಳಿ ಎಂದು ಅದು ಪತ್ರದ ಕೆಳಗೇ ಬರೆದಿತ್ತು, ಆ ಸಾಲೂ ಪತ್ರದ ಜೊತೆಗೇ ತಮಗೆ ಬಂದಿದೆ ಎಂದು ಮುಂದೆ ಆ ಮಾಸ್ತರರೇ ಹೇಳಿದರು. ಅದಕ್ಕೆ ಅಣ್ಣ ಯಾರು, ವೈನಿ ಯಾರು? ಇವರಿಗೆ ಗೊತ್ತಿತ್ತು. ತಮ್ಮ ಕೈಯಿಂದ ಆದ ಒಂದು ಪುಣ್ಯದ ಕೆಲಸವನ್ನು ಆಗಿಯೇ ಇಲ್ಲ ಎಂದು ಊರಿಗೆಲ್ಲ ಸಾರಿ ಅದರಿಂದ ಗಿರಾಕಿ ಹಿಡಿದರಲ್ಲ, ಅದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಎರಡು ಕೆಲಸ ಮಾಡಿದರು. ಒಂದು, ಪತ್ರದಲ್ಲಿ ಸವಡಿ ಎಂಬುದನ್ನು ತೆಗೆದು ರೋಣ ತಾಲೂಕಿನ ಒಂದು ಹಳ್ಳಿ ಎಂದು ಮಾಡಿಸಿದರು. ಉಳಿದದ್ದು ಹಾಗೇ ಹೋಗುತ್ತಿದೆ. ಇನ್ನೊಂದು, ನನ್ನನ್ನು ಸಮಾಧಾನ ಮಾಡಲು ವೈನಿಗೆ ಕ್ಷಮೆ ಕೇಳಿದರು. ಅದನ್ನೂ ಎಐ ಕೈಯಲ್ಲೇ ಬರೆಸಿದರು. ವೈನಿ ಅದನ್ನು ಒಂದು ಮಾತೂ ಸೇರಿಸದೆ ನನ್ನ ಮೊಬೈಲಿಗೆ ಕಳಿಸಿದಳು. ‘ಗೌರವಾನ್ವಿತ ಮೇಡಂ, ನಮ್ಮ ಸಂದೇಶದಿಂದ ತಮಗೆ ಉಂಟಾಗಿರಬಹುದಾದ ಅನಾನುಕೂಲತೆಗೆ ವಿಷಾದಿಸುತ್ತೇವೆ’ ಎಂದಿತ್ತು. ಕೊನೆಯಲ್ಲಿ, ‘ತಮ್ಮ ಕುಟುಂಬದ ಸುಭದ್ರ ನಾಳೆಗಾಗಿ ಇಂದೇ ನಮ್ಮನ್ನು ಸಂಪರ್ಕಿಸಿ’ ಎಂದಿತ್ತು. ಇವರು ಊಟಕ್ಕೆ ಕುಳಿತಾಗ ಎದುರಿಗೆ ಕುಳಿತು ಬಡಿಸಿದವಳು ಅವಳು. ಅವಳಿಗೆ ಮೇಡಂ.

ನನ್ನಿಂದ ಆದದ್ದು ಒಂದೇ. ಸೋಮವಾರ ಪೂಜೆ ಮುಗಿಸಿ, ಒದ್ದೆ ಕೂದಲಲ್ಲೇ, ಸವಡಿಯ ಹೈಸ್ಕೂಲಿನಿಂದ ನಂಬರು ಕೇಳಿ ಪಡೆದು ಆ ಮಾಸ್ತರರಿಗೆ ಫೋನ್ ಮಾಡಿದೆ. ನಾನು ಇಂಥವರ ಹೆಂಡತಿ, ಸತ್ತವನು ನನ್ನ ಅಣ್ಣ, ಅವನು ಪಾಲಿಸಿ ಮಾಡಿಸಿಯೇ ಹೋದ, ಆ ಗಿರಣಿ ಅವನದೇ ಹಣದ್ದು ಎಂದು ಹೇಳಿದೆ. ಅವರು ಒಳ್ಳೆಯವರು. ಮರುದಿನ ಗಿರಣಿಗೆ ಹೋಗಿ, ಅದೇ ಹೆಂಗಸರ ಎದುರಿಗೆ, ತಪ್ಪು ತಿಳಿದಿದ್ದೆ ತಾಯಿ ಎಂದರಂತೆ. ಒಬ್ಬರಿಗಾದರೂ ಖರೇ ಗೊತ್ತಾಯಿತು. ಉಳಿದವರಿಗೆ ಹೇಳಲು ಅವರ ವಿಳಾಸ ನನಗೆ ಸಿಗಲಿಲ್ಲ. ಕೇಳಿದರೆ ಇವರು ಕೊಡಲಿಲ್ಲ.

ಪಂಚಮಿಯ ಹಿಂದಿನ ದಿನ ನಾನು ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿ ಸವಡಿಗೆ ಒಯ್ಯಲು ಡಬ್ಬಿಯಲ್ಲಿಟ್ಟೆ. ಹೊರಗೆ ಕೆಮ್ಮಿದಂತಾದರೆ ಎದ್ದು ನೋಡುತ್ತಿದ್ದೆ. ಹತ್ತಿರದ ಮನೆಗಳ ಹೆಣ್ಣುಮಕ್ಕಳನ್ನು ಅವರ ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋದರು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಹಬ್ಬದ ದಿನ ಮಣ್ಣಿನ ನಾಗಪ್ಪನಿಗೆ ನಾನೊಬ್ಬಳೇ ಹಾಲೆರೆದೆ. ದೇವರ ಪಾಲು, ಗುರುವಿನ ಪಾಲು, ತಂದೆ ಪಾಲು, ತಾಯಿ ಪಾಲು, ಅಣ್ಣನ ಪಾಲು, ವೈನಿ ಪಾಲು ಎಂದು ಒಂದೊಂದು ಹನಿ ಬಿಟ್ಟೆ. ಇವರ ಪಾಲನ್ನೂ ಬಿಟ್ಟೆ. ಬಿಡದೆ ಇರಲು ಆಗುತ್ತದೆಯೇ? ಇವರು ಪಡಸಾಲೆಯಲ್ಲಿ ಮೊಬೈಲಿಗೆ ಏನೋ ಹೇಳುತ್ತಿದ್ದರು.

ಹಬ್ಬ ಮುಗಿದ ಮೇಲೆ ಒಂದು ಚೀಲಕ್ಕೆ ಜೋಳ ತುಂಬಿಕೊಂಡು ಬಸ್ಸು ಹತ್ತಿದೆ. ಗಜೇಂದ್ರಗಡದಲ್ಲಿ ಗಿರಣಿಗಳಿಲ್ಲವೇ ಎಂದು ಇವರು ಕೇಳಿದರು. ಇವೆ ಎಂದೆ. ಕರೆಯದೆ ತವರಿಗೆ ಹೋಗುವಂತಿಲ್ಲ, ಆದರೆ ಗಿರಣಿಗೆ ಹೋಗಲು ಯಾರೂ ಕರೆಯಬೇಕಾಗಿಲ್ಲ.

ಸಾಲಿನಲ್ಲಿ ಕುಳಿತೆ. ನನ್ನ ಪಾಳಿ ಬಂದಾಗ ವೈನಿ ಚೀಲವನ್ನು ತಕ್ಕಡಿಗೆ ಹಾಕಿ ನನ್ನ ಮುಖ ನೋಡದೆ ಕೇಳಿದಳು, ‘ಸಣ್ಣಗೋ, ದಪ್ಪಗೋ?’

‘ಸಣ್ಣಗ’ ಎಂದೆ.

ನನಗಿಂತ ಮೊದಲಿನವಳದು ಗೋವಿನಜೋಳ. ಅದರ ಹಿಟ್ಟು ಗಿರಣಿಯೊಳಗೆ ಉಳಿದು ಮುಂದಿನವರ ಹಿಟ್ಟಿನಲ್ಲಿ ಬೆರೆಯುತ್ತದೆ. ಬೇರೆಯವರದಾದರೆ ಅದರ ಮೇಲೆಯೇ ಹಾಕಿ ಬೀಸುತ್ತಾಳೆ. ವೈನಿ ತನ್ನ ಮನೆಯ ಡಬ್ಬಿಯಿಂದ ಒಂದು ಬೊಗಸೆ ಜೋಳ ತಂದು ಮೊದಲು ಅದನ್ನು ಬೀಸಿ, ಬಂದ ಹಿಟ್ಟನ್ನು ಬೇರೆ ಪುಟ್ಟಿಗೆ ತೆಗೆದಳು. ಆಮೇಲೆ ನನ್ನದನ್ನು ಹಾಕಿದಳು. ಬೀಸಿದ ಕೂಲಿಯನ್ನು ಕೇಳಿ ತೆಗೆದುಕೊಂಡಳು. ಚಹಾ ಕುಡಿದು ಹೋಗು ಎನ್ನಲಿಲ್ಲ. ಉಂಡಿಯ ಡಬ್ಬಿಯನ್ನು ನಾನು ಕಟ್ಟೆಯ ಮೇಲೆ ಇಟ್ಟು ಬಂದೆ. ಅವಳು ಬೇಡ ಎನ್ನಲಿಲ್ಲ, ಮುಟ್ಟಲೂ ಇಲ್ಲ.

ಬಸ್ಸಿನಲ್ಲಿ ಹಿಟ್ಟಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ರೋಣ ದಾಟುವ ತನಕ ಅದು ಬೆಚ್ಚಗಿತ್ತು. ವೈನಿ ನನಗಾಗಿ ಹಾಕಿದ ಆ ಒಂದು ಬೊಗಸೆ ಜೋಳವನ್ನು ದೇವರ ಮುಂದೆ ಹೇಳಿ ಕೈ ಮುಗಿದಿದ್ದೇನೆ. ಹಿಟ್ಟು ತೀರಿದ ಮೇಲೆ ಮತ್ತೆ ಹೋಗುತ್ತೇನೆ.